20 ನ್ಯಾನೋಸೆಕೆಂಡ್‌ನಲ್ಲಿ ಕಂಡ ಉಬ್ಬು

ನನ್ನ ಕೆಲಸ ಫೋಟಾನ್‌ಗಳನ್ನು, ಅಂದರೆ ಬೆಳಕಿನ ಕಣಗಳನ್ನು, ಒಂದೊಂದಾಗಿ ಎಣಿಸುವುದು. ವಜ್ರದಲ್ಲಿ ಒಂದು ಕಾರ್ಬನ್ ಪರಮಾಣುವಿನ ಜಾಗದಲ್ಲಿ ನೈಟ್ರೋಜನ್ ಕೂತು, ಪಕ್ಕದ ಜಾಗ ಖಾಲಿ ಉಳಿದರೆ ಅಲ್ಲೊಂದು ಪುಟ್ಟ ದೀಪ ತಯಾರಾಗುತ್ತದೆ. ಅದನ್ನು ಎನ್‌ವಿ (ನೈಟ್ರೋಜನ್-ವೇಕೆನ್ಸಿ) ಸೆಂಟರ್ ಅನ್ನುತ್ತೇವೆ. ಹಸಿರು ಲೇಸರ್ ಬಿಟ್ಟರೆ ಕೆಂಪು ಬೆಳಕು ಕೊಡುತ್ತದೆ, ಅದೂ ಒಂದು ಸಲಕ್ಕೆ ಒಂದೇ ಫೋಟಾನ್.

ಒಂದೇ ಅಂತ ಗೊತ್ತಾಗುವುದು ಹೇಗೆ? ಬೆಳಕನ್ನು ಸ್ಪ್ಲಿಟರ್‌ನಲ್ಲಿ ಎರಡಾಗಿ ಒಡೆದು ಎರಡು ಡಿಟೆಕ್ಟರ್‌ಗೆ ಕಳಿಸುತ್ತೇವೆ. ಫೋಟಾನ್ ಒಂದೇ ಇದ್ದರೆ ಎರಡೂ ಒಟ್ಟಿಗೆ ಕ್ಲಿಕ್ ಆಗಲಾರವು. ಹಾಗಾಗಿ ಎರಡು ಕ್ಲಿಕ್‌ಗಳ ನಡುವಿನ ಸಮಯದ ಗ್ರಾಫ್ ಹಾಕಿದರೆ ಸೊನ್ನೆಯ ಹತ್ತಿರ ಒಂದು ಗುಂಡಿ ಬೀಳುತ್ತದೆ. 1977ರಲ್ಲಿ ಕಿಂಬಲ್, ಡಾಜೆನೈ, ಮ್ಯಾಂಡೆಲ್ ಮೂವರು ಸೋಡಿಯಂ ಪರಮಾಣುಗಳಲ್ಲಿ ಮೊದಲು ತೋರಿಸಿದ್ದು ಈ ಗುಣವನ್ನೇ. ಗುಂಡಿ ಗ್ರಾಫ್‌ನ ಮಾಮೂಲಿ ಮಟ್ಟದ ಅರ್ಧಕ್ಕಿಂತ ಕೆಳಗೆ ಇಳಿದರೆ ದೀಪ ಒಂದೇ ಅಂತ ಲೆಕ್ಕ, ನಮಗೆ ಖುಷಿ.

ನನ್ನ ಗ್ರಾಫ್‌ನಲ್ಲಿ ಗುಂಡಿ ಚೆನ್ನಾಗೇ ಬಿದ್ದಿತ್ತು. ಜೊತೆಗೆ ಆ ಕಡೆ ಈ ಕಡೆ, ಸರಿಯಾಗಿ 20 ನ್ಯಾನೋಸೆಕೆಂಡ್ (ಒಂದು ನ್ಯಾನೋಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು) ದೂರದಲ್ಲಿ, ಎರಡು ಪುಟ್ಟ ಉಬ್ಬು. ಎನ್‌ವಿ ಸೆಂಟರ್‌ಗೆ ಬೆಳಕು ಕೊಡದೆ ಸುಮ್ನೆ ಕೂರುವ ಒಂದು ಸ್ಥಿತಿ ಇದೆ. ಅದರಿಂದಲೂ ಗ್ರಾಫ್‌ನಲ್ಲಿ ಏರಿಕೆ ಬರುತ್ತದೆ. ಹಾಗಾಗಿ ಇದು ಅದರದ್ದೇ ಹೊಸ ಆಟ ಅಂದುಕೊಂಡೆ. ಆ ಏರಿಕೆ ನೂರಾರು ನ್ಯಾನೋಸೆಕೆಂಡ್ ಹರಡಿರುತ್ತದೆ, ನನ್ನ ಉಬ್ಬುಗಳು ಚೂಪಾಗಿದ್ದವು. ಅನುಮಾನ ಅಲ್ಲೇ ಬರಬೇಕಿತ್ತು. ಬರಲಿಲ್ಲ. ಎರಡು ವಾರ ಅದಕ್ಕೆ ಸಮೀಕರಣ ಹೊಂದಿಸುತ್ತಾ ಕೂತೆ. ಲೆಕ್ಕಕ್ಕೆ ಸಾಕಷ್ಟು ಅಂಕಿಗಳನ್ನು ತುರುಕಿದರೆ ಯಾವ ಗೆರೆ ಬೇಕಾದರೂ ಕೂರುತ್ತದೆ, ಅಲ್ವಾ? ನನ್ನದೂ ಕೂತಿತು.

ಮೇಡಂಗೆ ತೋರಿಸಿದೆ. ಅವರು ಸಮೀಕರಣದ ಕಡೆ ತಿರುಗಿಯೂ ನೋಡಲಿಲ್ಲ.

"ಫೈಬರ್ ಉದ್ದ ಬದಲಾಯಿಸಿ ನೋಡಿದ್ಯಾ?"

"ಇಲ್ಲ ಮೇಡಂ."

"ನೋಡು. ಉಬ್ಬು ಜರುಗಿದರೆ ಅದು ವಜ್ರದ್ದಲ್ಲ."

ನಮ್ಮ ಫೈಬರ್ ಸ್ಪ್ಲಿಟರ್‌ಗೆ ನಾಲ್ಕು ತುದಿ. ಒಂದರಲ್ಲಿ ಬೆಳಕು ಒಳಗೆ ಬರುತ್ತದೆ, ಎರಡು ಡಿಟೆಕ್ಟರ್‌ಗಳಿಗೆ ಹೋಗುತ್ತವೆ. ನಾಲ್ಕನೆಯದು ಮೇಜಿನ ಮೇಲೆ ಅನಾಥವಾಗಿ ಬಿದ್ದಿತ್ತು. ಅದಕ್ಕೆ 2 ಮೀಟರ್ ಫೈಬರ್ ಜೋಡಿಸಿ ಮತ್ತೆ ಅಳೆದೆ. ಉಬ್ಬುಗಳು 40 ನ್ಯಾನೋಸೆಕೆಂಡ್‌ಗೆ ಹೋಗಿ ಕೂತಿದ್ದವು. ಮೇಜಿನ ಮೇಲೆ ಬಿದ್ದಿರುವ ಫೈಬರ್ ಎಷ್ಟು ಉದ್ದ ಅನ್ನುವುದು ವಜ್ರಕ್ಕೆ ಹೇಗೆ ಗೊತ್ತಾಗಬೇಕು?

ನಡೆದಿದ್ದು ಇಷ್ಟು. ಸಿಲಿಕಾನ್ ಡಿಟೆಕ್ಟರ್ ಒಂದು ಫೋಟಾನ್ ಹಿಡಿದಾಗ ಅದರೊಳಗೆ ಎಲೆಕ್ಟ್ರಾನ್‌ಗಳ ಪ್ರವಾಹವೇ ಎದ್ದು, ಡಿಟೆಕ್ಟರ್ ತಾನೇ ಒಂದಿಷ್ಟು ಬೆಳಕು ಉಗುಳುತ್ತದೆ. ಆ ಬೆಳಕು ಬಂದ ದಾರಿಯಲ್ಲೇ ಹಿಂದಕ್ಕೆ ಓಡುತ್ತದೆ. ಸ್ಪ್ಲಿಟರ್ ದಾಟಿ ಖಾಲಿ ತುದಿಗೆ ಬಡಿಯುತ್ತದೆ. ಗಾಜು ಮುಗಿದು ಗಾಳಿ ಶುರುವಾಗುವ ಕಡೆ ಸುಮಾರು ನೂರಕ್ಕೆ ನಾಲ್ಕು ಪಾಲು ವಾಪಸ್ ಬರುತ್ತದೆ. ಅದರಲ್ಲೊಂದು ಭಾಗ ಇನ್ನೊಂದು ಡಿಟೆಕ್ಟರ್ ಸೇರಿ ಅಲ್ಲೂ ಕ್ಲಿಕ್. ಫೈಬರ್‌ನಲ್ಲಿ ಬೆಳಕು ಒಂದು ನ್ಯಾನೋಸೆಕೆಂಡ್‌ಗೆ ಸುಮಾರು 20 ಸೆಂಟಿಮೀಟರ್ ಹೋಗುತ್ತದೆ. ನಮ್ಮ ಪ್ರತಿ ತುದಿಯೂ 1 ಮೀಟರ್. ಹೋಗಿ ಬರುವ ದಾರಿ ಒಟ್ಟು 4 ಮೀಟರ್, ಅಂದರೆ 20 ನ್ಯಾನೋಸೆಕೆಂಡ್. ಎರಡು ವಾರದ ಸಮೀಕರಣವನ್ನು ಒಂದು ಅಳತೆ ಪಟ್ಟಿ ಮುಗಿಸಿಬಿಟ್ಟಿತು.

ಪರಿಹಾರ ಕಷ್ಟದ್ದೇನಲ್ಲ. ಖಾಲಿ ತುದಿಗೆ, ಬೆಳಕಿನ ಮಟ್ಟಿಗೆ ಗಾಜಿನ ಹಾಗೇ ಇರುವ ಒಂದು ಜೆಲ್ ಹಚ್ಚುತ್ತೇವೆ. ಪ್ರತಿ ಡಿಟೆಕ್ಟರ್ ಮುಂದೆ ನಮಗೆ ಬೇಕಾದ ಬಣ್ಣ ಮಾತ್ರ ಬಿಡುವ ಫಿಲ್ಟರ್ ಇಡುತ್ತೇವೆ. ಈಗ ಇನ್ನೊಂದು ಅಭ್ಯಾಸವೂ ಆಗಿದೆ: ವಜ್ರದ ಬದಲು ಮಂದವಾದ ಮಾಮೂಲಿ ಬಲ್ಬಿನ ಬೆಳಕನ್ನು ಅದೇ ದಾರಿಯಲ್ಲಿ ಬಿಟ್ಟು ನೋಡುವುದು. ಗ್ರಾಫ್ ಸಪಾಟಾಗಿ ಬರಬೇಕು. ಅಲ್ಲೂ ಉಬ್ಬು ಕಂಡರೆ ತಪ್ಪು ನಮ್ಮ ಮೇಜಿನ ಮೇಲೇ ಇದೆ.

ಆಮೇಲೆ ಕ್ವಾಂಟಂ ಡಾಟ್ (ಬೆಳಕು ಕೊಡುವ, ನ್ಯಾನೋಮೀಟರ್ ಗಾತ್ರದ ಅರೆವಾಹಕದ ಚುಕ್ಕಿ) ಕೆಲಸಕ್ಕೆ ಬಂದೆ. ಅಲ್ಲಿ ಬೆಳಕು ಸುಮಾರು 1 ನ್ಯಾನೋಸೆಕೆಂಡ್‌ನಲ್ಲಿ ಆರಿಹೋಗುತ್ತದೆ, ಕುತೂಹಲದ ಸಂಗತಿಗಳು ಇನ್ನೂ ಬೇಗ ನಡೆದುಹೋಗುತ್ತವೆ. ಡಿಟೆಕ್ಟರ್‌ನ ಜಿಟರ್, ಅಂದರೆ ಕ್ಲಿಕ್‌ನ ಸಮಯದಲ್ಲಾಗುವ ಹೊಯ್ದಾಟ, ಎಷ್ಟೋ ಸಲ ಆ ಸಂಗತಿಗಳ ಅವಧಿಗಿಂತ ದೊಡ್ಡದು. ಜೊತೆಗೆ ಸಿಲಿಕಾನ್ ಡಿಟೆಕ್ಟರ್‌ನ ಸಮಯದ ನಡವಳಿಕೆ ಬಣ್ಣ ಬದಲಾದರೆ, ಎಣಿಕೆ ಜಾಸ್ತಿಯಾದರೆ ಬದಲಾಗುತ್ತದೆ. ಅದನ್ನು ಲೇಸರ್ ಬಣ್ಣದಲ್ಲಿ ಒಮ್ಮೆ ಮಾತ್ರ ಅಳೆದು, ಆ ಅಂಕಿಯನ್ನೇ ತಿಂಗಳುಗಟ್ಟಲೆ ಬಳಸುವವರನ್ನು ಕಂಡರೆ ನನಗೆ ಈಗ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಪಿಕೋಸೆಕೆಂಡ್ (ನ್ಯಾನೋಸೆಕೆಂಡ್‌ನ ಸಾವಿರದಲ್ಲಿ ಒಂದು ಪಾಲು) ಮಟ್ಟಕ್ಕೆ ಇಳಿದರೆ ಎರಡು ಲೇಸರ್ ಮಿಡಿತ ಕಳಿಸಿ, ಕನ್ನಡಿ ಸರಿಸಿ ಅವುಗಳ ಅಂತರ ಬದಲಿಸುತ್ತೇವೆ. ಕನ್ನಡಿ 0.15 ಮಿಲಿಮೀಟರ್ ಸರಿದರೆ 1 ಪಿಕೋಸೆಕೆಂಡ್. ಅಲ್ಲೂ ಸಮಯ ಅಂದರೆ ಕೊನೆಗೆ ಉದ್ದವೇ.

ಆ ಹಳೆಯ ಗ್ರಾಫ್ ಈಗಲೂ ನನ್ನ ಲ್ಯಾಬ್ ನೋಟ್‌ಬುಕ್‌ನಲ್ಲಿದೆ. ಉಬ್ಬಿನ ಪಕ್ಕ "ಹೊಸ ಸ್ಥಿತಿ?" ಅಂತ ಬರೆದು ಮೂರು ಸಲ ಅಡಿಗೆರೆ ಎಳೆದಿದ್ದೆ. ಅದರ ಕೆಳಗೆ ಮೇಡಂ ಕೆಂಪು ಪೆನ್ನಿನಲ್ಲಿ ಬರೆದಿದ್ದು ಇಷ್ಟೇ: "4 ಮೀಟರ್."