ಸೀಟಿಯ ದಾರ

ಇಂದು ಸಂಜೆ ಕಾರವಾರದ ಮಾಲಾದೇವಿ ಮೈದಾನದಲ್ಲಿ ಮಗನ ಫುಟ್‌ಬಾಲ್ ಪಂದ್ಯ ನೋಡುತ್ತಿದ್ದಾಗ, ಥ್ರೋ-ಇನ್‌ನಿಂದ (ಪಕ್ಕದ ಗೆರೆಯಾಚೆಯಿಂದ ಕೈಯಲ್ಲಿ ಒಳಗೆಸೆಯುವುದು) ನೇರವಾಗಿ ಬಂದ ಚೆಂಡನ್ನು ಎದುರು ತಂಡದವನು ಗೋಲಿಗೆ ಹೊಡೆದೊಡನೆ, ಉಳಿದ ಪಾಲಕರೊಂದಿಗೆ ನಾನೂ ‘ಆಫ್‌ಸೈಡ್’ ಎಂದು, ಅಂದರೆ ಅವನು ನಿಯಮ ಮೀರಿ ಮುಂದೆ ನಿಂತಿದ್ದನೆಂದು, ಕೂಗಿದೆ.

ರೆಫರಿಗೆ ಹೆಚ್ಚೆಂದರೆ ಹದಿನಾರು ವರ್ಷವಿರಬಹುದು. ಅಳತೆಗಿಂತ ದೊಡ್ಡದಾದ ಕಪ್ಪು ಅಂಗಿ ತೊಟ್ಟಿದ್ದ ಆ ಹುಡುಗ ನಮ್ಮತ್ತ ತಿರುಗದೆ ಗೋಲು ಸರಿಯೆಂದು ಮಧ್ಯರೇಖೆಯ ಕಡೆ ಕೈ ತೋರಿದನಾದರೂ, ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದುದು ನನಗೆ ಕಾಣುತ್ತಿತ್ತು.

ಥ್ರೋ-ಇನ್‌ನಿಂದ ನೇರವಾಗಿ ಚೆಂಡು ಪಡೆದರೆ ಆಫ್‌ಸೈಡ್ ಆಗುವುದಿಲ್ಲವೆಂದು ಆಟದ 11ನೆಯ ನಿಯಮವೇ ಹೇಳುತ್ತದೆಯಂತೆ. ಪಂದ್ಯ ಮುಗಿದ ಮೇಲೆ ಮಗನೇ ತಿಳಿಸಿದ. ಮಗ ಪೆನಾಲ್ಟಿ ತಪ್ಪಿಸಿದಾಗ ‘ಇರಲಿ ಬಿಡು’ ಎನ್ನುವ ನಾನು, ಸರಿಯಾದ ತೀರ್ಪು ಕೊಟ್ಟವನ ಮೇಲೆ ಗಂಟಲು ಹರಿಯುವಂತೆ ಕೂಗಿದ್ದೆ.

ನೀರಿನ ಬಾಟಲಿ ಹಿಡಿದು ಹೋಗಿ, “ತಪ್ಪು ನಂದೇ ತಮ್ಮಾ” ಎಂದೆ. ಆತ ನಕ್ಕು ಅರ್ಧ ಬಾಟಲಿ ಖಾಲಿ ಮಾಡಿದ.