ತಪ್ಪಿಗೆ ಶಿಕ್ಷೆಯೇ ಇಲ್ಲದ ‘ಮುಜೋ’ ಬೌದ್ಧ ಸಿನಿಮಾ ಹೇಗಾಯಿತು?

ಅಕಿಯೊ ಜಿಸ್ಸೋಜಿ ನಿರ್ದೇಶಿಸಿದ ಜಪಾನಿ ಚಿತ್ರ ‘ಮುಜೋ’ (1970; ಹೆಸರಿನ ಅರ್ಥ ಅನಿತ್ಯ) ನೋಡಿದವರೆಲ್ಲ ಕೇಳುವುದು ಇದನ್ನೇ. ಅಕ್ಕ ಯೂರಿ, ತಮ್ಮ ಮಸಾವೊ ದೇಹಸಂಬಂಧಕ್ಕೆ ಇಳಿಯುತ್ತಾರೆ. ಬಸುರಿಯಾದ ಅಕ್ಕ ಗುಟ್ಟು ಮುಚ್ಚಲು ಮನೆಯ ಆಳನ್ನು ಮದುವೆಯಾಗುತ್ತಾಳೆ. ತಮ್ಮನಿಗೆ ಅಳುಕೇ ಇಲ್ಲ. ಇದರಲ್ಲಿ ಬೌದ್ಧ ಚಿಂತನೆ ಬರೀ ನೆಪವಲ್ಲವೇ?

ಖಂಡಿತ ಅಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುವ ಲೆಕ್ಕ ಚಿತ್ರ ಮುಗಿಯುವುದರೊಳಗೆ ಚುಕ್ತಾ ಆಗಲೇಬೇಕೆಂದು ನಾವು ಕಾಯುತ್ತೇವೆ. ಜಪಾನಿನ ಬೌದ್ಧಧರ್ಮದಲ್ಲಿ ಬೇರೊಂದು ಎಳೆಯೂ ಇದೆ. ಒಳ್ಳೆಯವನಿಗೇ ಅಮಿತಾಭ ಬುದ್ಧನ ಶುದ್ಧಲೋಕವಾದ ಸುಖಾವತಿ ಸಿಗುವುದಾದರೆ ಕೆಟ್ಟವನಿಗೆ ಸಿಗದೆ ಇದ್ದೀತೇ ಎಂಬುದು ಜಪಾನಿನ ಬೌದ್ಧ ಗುರು ಶಿನ್ರಾನ್ (1173–1263) ಪರಂಪರೆಯ ಬೋಧನೆ. ಕ್ಲೇಶವೇ ಬೋಧಿ, ಅಂದರೆ ಮನಸ್ಸನ್ನು ಕಾಡುವ ಆಸೆ-ಮೋಹಗಳೇ ಜ್ಞಾನೋದಯ ಎಂಬ ಮಹಾಯಾನ ಬೌದ್ಧಪಂಥದ ಮಾತಂತೂ ಅಲ್ಲಿ ತೀರಾ ಹಳೆಯದು. ಇಂಥ ಮಾತುಗಳನ್ನು ಒಬ್ಬ ತರುಣ ಬದುಕಿನಲ್ಲಿ ತುದಿಯವರೆಗೂ ಎಳೆದರೆ ಏನಾದೀತು? ಚಿತ್ರದ ಹುಡುಕಾಟವೇ ಅದು. ಹಾಗಾಗಿ ಭಿಕ್ಷು ಒಗಿನೊ ಜೊತೆ ಮಸಾವೊ ನಡೆಸುವ ವಾಗ್ವಾದವೇ ಇಡೀ ಚಿತ್ರದ ನಡುಗಂಬ. ಆಸೆಯೇ ಅಳಿದ ಲೋಕದಲ್ಲಿ ಮನುಷ್ಯನದೆನ್ನಲು ಏನು ಉಳಿಯುತ್ತದೆ ಎಂಬ ಮಸಾವೊನ ಪಟ್ಟನ್ನು ಸುಲಭಕ್ಕೆ ತಳ್ಳಿಹಾಕಲಾಗದು. ಆದರೆ ಅವನ ಬಾಯಲ್ಲಿ ಬಂದದ್ದೆಲ್ಲ ನಿರ್ದೇಶಕರ ಮಾತು ಎಂದುಕೊಂಡರೆ ಎಡವುತ್ತೀರಿ. ಅವನು ಮುಟ್ಟಿದ ಮನೆಗಳ ಗತಿಯನ್ನೂ ಚಿತ್ರ ಮರೆಮಾಚುವುದಿಲ್ಲ.

ಅನಿತ್ಯವೆಂಬ ವಿಚಾರ ಮಾತಿಗಿಂತ ಹೆಚ್ಚಾಗಿ ಕ್ಯಾಮೆರಾದಲ್ಲಿದೆ. ಜಪಾನಿನ ಸಾಂಪ್ರದಾಯಿಕ ‘ನೋ’ ನಾಟಕದ ಮುಖವಾಡ ಹಾಕಿಕೊಂಡು ಅಕ್ಕ-ತಮ್ಮ ಮನೆಯೊಳಗೆ ಆಡುವ ದೃಶ್ಯವನ್ನೇ ನೋಡಿ. ಮುಖವಾಡದ ಹಿಂದೆ ಅಕ್ಕನೂ ಇಲ್ಲ, ತಮ್ಮನೂ ಇಲ್ಲ. ನಿಷೇಧ ಸಡಿಲವಾಗುವುದು ಆ ಆಟದಲ್ಲೇ. ಚಿತ್ರದುದ್ದಕ್ಕೂ ವೈಡ್ ಆಂಗಲ್ ಲೆನ್ಸ್ ಹತ್ತಿರದ ಮುಖವನ್ನು ಉಬ್ಬಿಸಿ ಹಿಂದಿನ ಕೋಣೆಯನ್ನು ದೂರ ತಳ್ಳುತ್ತದೆ. ಕ್ಯಾಮೆರಾ ಸರಿಯುತ್ತಲೇ ಇರುತ್ತದೆ, ಕಂಬವೋ ಬಾಗಿಲೋ ಅಡ್ಡ ಬರುತ್ತದೆ, ವ್ಯಕ್ತಿ ಚೌಕಟ್ಟಿನ ಅಂಚಿಗೆ ಜಾರುತ್ತಾನೆ. ಯಾವ ಮುಖದ ಮೇಲೂ ಕಣ್ಣು ನೆಲೆ ನಿಲ್ಲದು.

ಶಿಲ್ಪಿ ಮೋರಿಯ ಭಾಗವನ್ನು ಅಡ್ಡಕತೆ ಎಂದು ಓಡಿಸಬೇಡಿ. ತನ್ನ ಹೆಂಡತಿ ಶಿಷ್ಯ ಮಸಾವೊ ಜೊತೆಗಿರುವುದು ಗೊತ್ತಿದ್ದೂ ಅವನು ಕಾನ್ನೋನ್, ಅಂದರೆ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರನ ಮೂರ್ತಿ ಕಡೆಯುವುದನ್ನು ಬಿಡುವುದಿಲ್ಲ. ಕಾಮ ಮತ್ತು ಕರುಣೆಯ ಮೂರ್ತಿ ಒಂದೇ ಸೂರಿನಡಿ ಬೆಳೆಯುತ್ತವೆ.

ನೋಡುವವರಿಗೆ: ಇದು 143 ನಿಮಿಷದ ಕಪ್ಪು-ಬಿಳುಪು ಚಿತ್ರ. ಒಂದೇ ಕೂತಿನಲ್ಲಿ, ಕೋಣೆ ಕತ್ತಲು ಮಾಡಿಕೊಂಡು ನೋಡಿ. ಬೆಳಕಿದ್ದರೆ ಕಪ್ಪಿನೊಳಗಿನ ವಿವರ ಕಾಣದು. ವಾಗ್ವಾದದ ದೃಶ್ಯದಲ್ಲಿ ಸಬ್‌ಟೈಟಲ್ ಓದುವುದರಲ್ಲೇ ಮುಳುಗಿದರೆ ಕ್ಯಾಮೆರಾ ತಪ್ಪಿಹೋಗುತ್ತದೆ, ಅದೊಂದನ್ನು ಎರಡು ಸಲ ನೋಡಿ. ಆಮೇಲೆ ಜಿಸ್ಸೋಜಿಯವರದೇ ‘ಮಂದಾರಾ’ (1971), ‘ಉತಾ’ (1972) ನೋಡಿ. ‘ಮಂದಾರಾ’ದಲ್ಲಿ ಲೈಂಗಿಕ ಹಿಂಸೆ ತೀವ್ರವಾಗಿದೆ, ಅದನ್ನು ತಡೆದುಕೊಳ್ಳಲಾಗದವರು ನೇರ ‘ಉತಾ’ಕ್ಕೆ ಹೋಗಬಹುದು, ಕತೆಗಳು ಬೇರೆ ಬೇರೆ.