ಹನ್ನೆರಡು ವರ್ಷ ಇದ್ದರೆ ಪೌರತ್ವ ಸಿಗುವುದೇ?

ಭಾರತದಲ್ಲಿ ಹನ್ನೆರಡು ವರ್ಷ ನೆಲೆಸಿದ ವಿದೇಶಿಯರಿಗೆ ಪೌರತ್ವ ತಾನಾಗಿಯೇ ಸಿಗುತ್ತದೆ ಎಂಬ ನಂಬಿಕೆ, ಸಲಹೆ ಕೇಳಿಕೊಂಡು ನನ್ನ ಬಳಿ ಬರುವವರಲ್ಲಿ ಮಾತ್ರವಲ್ಲ, ಅವರನ್ನು ಕರೆತರುವ ಇಲ್ಲಿನ ನೆಂಟರಲ್ಲೂ ಗಟ್ಟಿಯಾಗಿ ಬೇರೂರಿದೆ. 1955ರ ಪೌರತ್ವ ಕಾಯ್ದೆಯ 6ನೇ ಸೆಕ್ಷನ್ ಮತ್ತು ಮೂರನೇ ಅನುಸೂಚಿಯನ್ನು ಓದಿದರೆ, ಸಹಜೀಕರಣದ ಮೂಲಕ, ಅಂದರೆ ಇಲ್ಲಿ ದೀರ್ಘಕಾಲ ನೆಲೆಸಿದ ವಿದೇಶಿಯರು ಅರ್ಜಿ ಹಾಕಿ ಪಡೆಯುವ, ಪೌರತ್ವ ಎನ್ನುವುದು ಅರ್ಜಿದಾರರ ಹಕ್ಕಲ್ಲ, ಷರತ್ತುಗಳನ್ನೆಲ್ಲ ಪೂರೈಸಿದ ಮೇಲೂ ಕೇಂದ್ರ ಸರ್ಕಾರದ ವಿವೇಚನೆಗೆ ಬಿಟ್ಟ ವಿಷಯ ಎಂಬುದು ಸ್ಪಷ್ಟವಾಗುತ್ತದೆ. ಅರ್ಜಿಯನ್ನು ತಿರಸ್ಕರಿಸಿದರೆ ಕಾರಣ ಕೊಡಬೇಕಾಗಿಲ್ಲ ಎಂದು 14ನೇ ಸೆಕ್ಷನ್ ನೇರವಾಗಿಯೇ ಹೇಳುತ್ತದೆ. ಇಷ್ಟು ದೊಡ್ಡ ನಿರ್ಧಾರಕ್ಕೆ ಕಾರಣವನ್ನೂ ಹೇಳಬೇಕಿಲ್ಲ ಎಂಬುದು ನನಗೆ ಇಂದಿಗೂ ಸರಿ ಕಂಡಿಲ್ಲ.

ಮೊದಲು ವರ್ಷಗಳ ಲೆಕ್ಕ. ಅರ್ಜಿ ಹಾಕಿದ ದಿನದಿಂದ ಕಾನೂನು ಕ್ಯಾಲೆಂಡರನ್ನು ಹಿಂದಕ್ಕೆ ತಿರುವುತ್ತದೆ. 2025ರ ಜೂನ್ 1ರಂದು ಅರ್ಜಿ ಸಲ್ಲಿಸಿದವರು ಅದರ ಹಿಂದಿನ ಹನ್ನೆರಡು ತಿಂಗಳು, ಅಂದರೆ 2024ರ ಜೂನ್ 1ರಿಂದ, ಸತತವಾಗಿ ಭಾರತದಲ್ಲಿ ಇದ್ದಿರಬೇಕು. ಅದಕ್ಕೂ ಹಿಂದಿನ ಹದಿನಾಲ್ಕು ವರ್ಷಗಳಲ್ಲಿ ಒಟ್ಟು ಹನ್ನೊಂದು ವರ್ಷ ಇಲ್ಲಿ ವಾಸಿಸಿರಬೇಕು. ಆ ಹದಿನಾಲ್ಕು ವರ್ಷಗಳಲ್ಲಿ ಮೂರು ವರ್ಷದವರೆಗೆ ಹೊರಗಿದ್ದರೂ ನಡೆದೀತು, ಆದರೆ ಕೊನೆಯ ವರ್ಷದಲ್ಲಿ ತವರಿಗೆಂದು ಎರಡು ತಿಂಗಳು ಹೋಗಿಬಂದರೆ ಲೆಕ್ಕವೇ ಕೆಡುತ್ತದೆ. 2015ರ ತಿದ್ದುಪಡಿಯ ನಂತರ, ವಿಶೇಷ ಸಂದರ್ಭವಿದೆ ಎಂದು ಸರ್ಕಾರಕ್ಕೆ ಮನವರಿಕೆಯಾದರೆ, ಈ ಕೊನೆಯ ವರ್ಷದಲ್ಲಿ ಗರಿಷ್ಠ ಮೂವತ್ತು ದಿನಗಳ ಗೈರನ್ನು ಮನ್ನಿಸಬಹುದು. ಹಾಗಾಗಿ ಹಳೆಯ ಪಾಸ್‌ಪೋರ್ಟುಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು, ಒಂದರ ಮೇಲೊಂದು ಬಿದ್ದು ಮಸುಕಾದ ವಿಮಾನ ನಿಲ್ದಾಣದ ಮುದ್ರೆಗಳಲ್ಲಿ ತಾರೀಖು ಹುಡುಕುವುದೇ ಇಂಥ ಪ್ರಕರಣಗಳಲ್ಲಿ ಮೊದಲ ಕೆಲಸವಾಗುತ್ತದೆ.

ವರ್ಷಗಳು ಕೂಡಿಬಂದರೂ ಅರ್ಜಿದಾರರು 'ಅಕ್ರಮ ವಲಸಿಗ' ಆಗಿರಬಾರದು. ಈ ಮಾತು ಕೇಳಿದೊಡನೆ ಗಡಿ ದಾಟಿ ಕದ್ದು ಬಂದವರ ಚಿತ್ರ ಕಣ್ಣಮುಂದೆ ಬರುತ್ತದಾದರೂ, ಸರಿಯಾದ ದಾಖಲೆಗಳೊಂದಿಗೆ ಬಂದು ವೀಸಾ ಅವಧಿ ಮುಗಿದ ಮೇಲೂ ಉಳಿದುಕೊಂಡವರನ್ನೂ ಕಾಯ್ದೆಯ ವ್ಯಾಖ್ಯಾನ ಇದೇ ಪಟ್ಟಿಗೆ ಸೇರಿಸುತ್ತದೆ. ವೀಸಾ ನವೀಕರಣವನ್ನು ಮುಂದೂಡುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಭಾಷೆಯ ಷರತ್ತಿನ ಬಗ್ಗೆ ಅನಗತ್ಯವಾದ ಹೆದರಿಕೆಯಿದೆ. ಕಾನೂನು ಹಿಂದಿಯನ್ನೇ ಕೇಳುವುದಿಲ್ಲ. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದಾದರೂ ಒಂದರ ಸಾಕಷ್ಟು ಜ್ಞಾನವಿದ್ದರೆ ಸಾಕು, ಕನ್ನಡವೂ ಅದರಲ್ಲಿದೆ. ನಮ್ಮ ಕರಾವಳಿಯಲ್ಲಿ ಮಾತ್ರ ಇದು ವಿಚಿತ್ರವಾದ ತಿರುವು ಪಡೆಯುತ್ತದೆ. ಮಂಗಳೂರಿನಲ್ಲಿ ನೆಲೆಸಿ ಕೊಂಕಣಿ ಕಲಿತವರ ಭಾಷಾಜ್ಞಾನವನ್ನು ಕಾನೂನು ಒಪ್ಪುತ್ತದೆ, ಪಕ್ಕದ ಮನೆಯಲ್ಲಿ ಅಷ್ಟೇ ಸರಾಗವಾಗಿ ತುಳು ಮಾತನಾಡುವವರದ್ದನ್ನು ಒಪ್ಪುವುದಿಲ್ಲ, ಏಕೆಂದರೆ ತುಳು ಇನ್ನೂ ಆ ಅನುಸೂಚಿಯಲ್ಲಿ ಇಲ್ಲ. ಕೊಡವ ಭಾಷೆಯ ಪಾಡೂ ಅದೇ.

ಉಳಿದಂತೆ ಅರ್ಜಿದಾರರು ಸನ್ನಡತೆಯವರಾಗಿರಬೇಕು, ಮುಂದೆಯೂ ಭಾರತದಲ್ಲೇ ನೆಲೆಸುವ ಅಥವಾ ಇಲ್ಲಿನ ಸೇವೆಯಲ್ಲಿ ಮುಂದುವರಿಯುವ ಉದ್ದೇಶವಿರಬೇಕು, ಮತ್ತು ಅರ್ಜಿ ಅಂಗೀಕಾರವಾದರೆ ಹಳೆಯ ಪೌರತ್ವವನ್ನು ತ್ಯಜಿಸುವುದಾಗಿ ಬರೆದುಕೊಡಬೇಕು. ವಿಜ್ಞಾನ, ತತ್ವಶಾಸ್ತ್ರ, ಕಲೆ, ಸಾಹಿತ್ಯ, ವಿಶ್ವಶಾಂತಿ ಅಥವಾ ಮಾನವ ಪ್ರಗತಿಗೆ ವಿಶಿಷ್ಟ ಸೇವೆ ಸಲ್ಲಿಸಿದವರಿಗೆ ಈ ಷರತ್ತುಗಳನ್ನೆಲ್ಲ ಸಡಿಲಿಸುವ ಅಧಿಕಾರ ಕೇಂದ್ರಕ್ಕಿದೆ. 2019ರ ತಿದ್ದುಪಡಿಯು ಪಾಕಿಸ್ತಾನ, ಬಾಂಗ್ಲಾದೇಶ ಮತ್ತು ಅಫ್ಗಾನಿಸ್ತಾನದ ಆರು ಧರ್ಮಗಳವರಿಗೆ ಹನ್ನೊಂದು ವರ್ಷವನ್ನು ಐದಕ್ಕೆ ಇಳಿಸಿತು. ಅದರ ಸಿಂಧುತ್ವವನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಲಾಗಿರುವುದರಿಂದ ಆ ಚರ್ಚೆಯನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ.

ಎಲ್ಲರಿಗೂ ಈ ದಾರಿಯೇ ಬೇಕೆಂದೇನೂ ಇಲ್ಲ. ಭಾರತೀಯರನ್ನು ಮದುವೆಯಾದವರು 5ನೇ ಸೆಕ್ಷನ್ ಪ್ರಕಾರ ಏಳು ವರ್ಷಗಳ ವಾಸದ ನಂತರ ನೋಂದಣಿಯ ಮೂಲಕ ಅರ್ಜಿ ಹಾಕಬಹುದು. ಬೈಲಕುಪ್ಪೆ, ಮುಂಡಗೋಡಿನ ಟಿಬೆಟನ್ನರ ವಿಷಯ ಇನ್ನೂ ಬೇರೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಭಾರತದಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಆಗಿರಲಿ, ಹುಟ್ಟಿನಿಂದಲೇ ಪ್ರಜೆಗಳು. ಟಿಬೆಟನ್ನರಿಗೂ ಇದು ಅನ್ವಯಿಸುತ್ತದೆ ಎಂಬುದನ್ನು ಕರ್ನಾಟಕ ಹೈಕೋರ್ಟ್ 2013ರಲ್ಲಿ ಎತ್ತಿಹಿಡಿಯಿತು. ಅದೇ ಮನೆಯಲ್ಲಿ 1988ರಲ್ಲಿ ಹುಟ್ಟಿದ ತಮ್ಮನಿಗೆ, ತಂದೆತಾಯಿಯರಲ್ಲಿ ಒಬ್ಬರೂ ಆಗ ಭಾರತೀಯ ಪ್ರಜೆಯಾಗಿರದಿದ್ದರೆ, ಅಣ್ಣನಿಗೆ ಸಿಕ್ಕಿದ್ದು ಸಿಗುವುದಿಲ್ಲ.

ಸಹಜೀಕರಣದ ಪ್ರಮಾಣಪತ್ರ ಕೈಗೆ ಬಂದು, ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಸ್ವೀಕರಿಸಿದವರು ಮತ ಹಾಕಬಹುದು, ಚುನಾವಣೆಗೆ ನಿಲ್ಲಬಹುದು. ಅಮೆರಿಕದಲ್ಲಿ ಇರುವಂತೆ ಇಲ್ಲಿ ರಾಷ್ಟ್ರಪತಿ ಹುದ್ದೆಗೆ ಹುಟ್ಟಿನಿಂದಲೇ ಪ್ರಜೆಯಾಗಿರಬೇಕೆಂಬ ನಿಯಮವೂ ಇಲ್ಲ. ಆದರೆ ಹುಟ್ಟಿನಿಂದ ಪ್ರಜೆಯಾದವರಿಗಿಲ್ಲದ ಅಪಾಯವೊಂದು ಅವರ ಬೆನ್ನಿಗಿದೆ. ವಂಚನೆಯಿಂದ ಪೌರತ್ವ ಪಡೆದದ್ದು ಸಾಬೀತಾದರೆ, ಐದು ವರ್ಷದೊಳಗೆ ಯಾವುದೇ ದೇಶದಲ್ಲಿ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಜೈಲುಶಿಕ್ಷೆಯಾದರೆ, ಅಥವಾ ಏಳು ವರ್ಷ ಸತತವಾಗಿ ವಿದೇಶದಲ್ಲಿ ನೆಲೆಸಿದರೆ 10ನೇ ಸೆಕ್ಷನ್ ಅಡಿ ಸರ್ಕಾರ ಪೌರತ್ವವನ್ನು ಹಿಂಪಡೆಯಬಹುದು. ಓದಿಗೆಂದು ಅಥವಾ ಭಾರತ ಸರ್ಕಾರದ ಸೇವೆಯಲ್ಲಿ ಹೊರಗಿರುವವರಿಗೆ ಈ ಏಳು ವರ್ಷದ ನಿಯಮ ತಗಲುವುದಿಲ್ಲ. ಉಳಿದವರು ಪೌರತ್ವ ಉಳಿಸಿಕೊಳ್ಳುವ ಇಚ್ಛೆಯನ್ನು ಪ್ರತಿವರ್ಷವೂ ಅಲ್ಲಿನ ಭಾರತೀಯ ದೂತಾವಾಸ ಕಚೇರಿಯಲ್ಲಿ ನೋಂದಾಯಿಸುತ್ತಿರಬೇಕು.